ಓಡುವ ಮಗಳ ಊಟದ ತಟ್ಟೆ

ಮಡಗಾಂವಿನ ಮೋತಿ ಡೊಂಗರ್ ಗುಡ್ಡದಲ್ಲಿ ಕನ್ನಡ ಮಾತನಾಡುವ ಮನೆಗಳು ಬಹಳ. ಅದೇ ಊರಿನ ಫತೋರ್ಡಾ ಕ್ರೀಡಾಂಗಣದಲ್ಲಿ 2023ರ ಅಕ್ಟೋಬರ್ 26ರಂದು 37ನೇ ರಾಷ್ಟ್ರೀಯ ಕ್ರೀಡಾಕೂಟ ಉದ್ಘಾಟನೆಗೊಂಡಿತು. ನಮ್ಮ ಹೆಣ್ಣುಮಕ್ಕಳು ಓಟ, ಕುಸ್ತಿ, ಜೂಡೋ ಎಂದು ಮೈದಾನಕ್ಕಿಳಿಯುತ್ತಿರುವುದು ಸಂತೋಷದ ವಿಷಯವೇ. ಆದರೆ ಆಡಿ ದಣಿದು ಬಂದ ಮಗಳು ತಟ್ಟೆ ಸರಿಸಿ, "ಬೇಡಮ್ಮ, ದಪ್ಪ ಆಗ್ತೀನಿ" ಎಂದರೆ ತಾಯಿ ಏನು ಮಾಡಬೇಕು?

ತಕ್ಕಡಿಯ ಭಯ

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿನೇಶ್ ಫೋಗಟ್ ಫೈನಲ್ ಆಡಬೇಕಿತ್ತು. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ತೂಕ 50 ಕಿಲೋಗಿಂತ ಕೇವಲ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ತೂಕದ ನಿಯಮವೇ ಇಲ್ಲದ ಓಟದಲ್ಲೂ "ಹಗುರಾದಷ್ಟೂ ವೇಗ" ಎಂಬ ನಂಬಿಕೆಯಿದೆ. 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದ ಅಮೆರಿಕದ ಮೇರಿ ಕೇನ್, ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತುಹೋಗಿ ಐದು ಮೂಳೆ ಮುರಿದುಕೊಂಡದ್ದನ್ನು 2019ರಲ್ಲಿ ಬಹಿರಂಗವಾಗಿ ಹೇಳಿದರು.

ಹೊಟ್ಟೆ ಹಸಿದರೆ ಮನಸ್ಸೂ ಕುಗ್ಗುತ್ತದೆ

1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆರೋಗ್ಯವಂತರಾದ 36 ಯುವಕರು ಒಂದು ಪ್ರಯೋಗಕ್ಕೆ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಸಿಡುಕು, ಬೇಸರ, ಖಿನ್ನತೆ ಅವರನ್ನು ಆವರಿಸಿದವು. ಹಗಲಿರುಳೂ ಊಟದ್ದೇ ಧ್ಯಾನ. ತಾವು ಬಡಕಲಾಗಿದ್ದರೂ, ಉಳಿದವರೇ ದಪ್ಪಗಿದ್ದಾರೆಂದು ಅವರಿಗೆ ಕಾಣತೊಡಗಿತಂತೆ! ಆದ್ದರಿಂದ ಮಗಳ ಸಿಡುಕನ್ನು "ವಯಸ್ಸಿನ ಹಟ" ಎಂದು ತಳ್ಳಿಹಾಕುವ ಮುನ್ನ ಅವಳು ಎಷ್ಟು ತಿಂದಳೆಂದು ನೋಡಿ.

ದುಡಿಮೆಗೆ ತಕ್ಕ ಊಟ ಸಿಗದಿದ್ದಾಗ ದೇಹ ಮೊದಲು ಮುಟ್ಟನ್ನು ನಿಲ್ಲಿಸಿ ಶಕ್ತಿ ಉಳಿಸುತ್ತದೆ. ಈಸ್ಟ್ರೊಜೆನ್ ಕಡಿಮೆಯಾಗಿ ಮೂಳೆ ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಈ ಶಕ್ತಿಕೊರತೆಯ ಬಗ್ಗೆ ಎಚ್ಚರಿಸಿತು. ಮೂರು ತಿಂಗಳು ಮುಟ್ಟಾಗದಿದ್ದರೆ "ಆಟದಿಂದ ಹಾಗಾಗುತ್ತದೆ" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ನಮ್ಮ ಅಡುಗೆಮನೆಯಲ್ಲಿ

ಗೆಡ್ಡೆಗೆಣಸು ಬಿಟ್ಟ ನಮ್ಮ ಸಾತ್ವಿಕ ಆಹಾರದಲ್ಲಿ ಕ್ರೀಡಾಪಟುವಿಗೆ ಬೇಕಾದ ಶಕ್ತಿ ಇದೆಯೇ? ಯೋಚಿಸಿ ಬಡಿಸಿದರೆ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬೇಳೆಕಾಳು, ಶೇಂಗಾ, ಹಾಲು, ಮೊಸರು ಮಾಂಸಖಂಡಕ್ಕೆ ಬಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಕಾಳು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹಾ ಬೇಡ.

ರಾತ್ರಿಭೋಜನ ತ್ಯಾಗವಿರುವ ಮನೆಗಳಲ್ಲಿ ಸಂಜೆಯ ಅಭ್ಯಾಸವೇ ತೊಡಕು. ಮಗಳು ಮನೆ ಸೇರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಬೆಳಗಿನ ಅಭ್ಯಾಸ ಕೊಡುವಂತೆ ತರಬೇತುದಾರರನ್ನು ಕೇಳಿ. ಆಗದಿದ್ದರೆ ಮೈದಾನಕ್ಕೇ ಚಪಾತಿ, ಮೊಳಕೆಕಾಳು, ಶೇಂಗಾ ಉಂಡೆ ಕಟ್ಟಿಕೊಡಿ.

ಇನ್ನೊಂದು ಸೂಕ್ಷ್ಮವಾದ ಮಾತು. ಮಗಳು ಪದೇ ಪದೇ ಏಕಾಶನ, ಉಪವಾಸ ಎಂದರೆ ನಾವು ಹೆಮ್ಮೆಪಡುತ್ತೇವೆ. ಅದು ವ್ರತಕ್ಕಾಗಿಯೋ, ಕನ್ನಡಿಯ ಭಯಕ್ಕೋ ಎಂದು ಏಕಾಂತದಲ್ಲಿ ಪ್ರೀತಿಯಿಂದ ಕೇಳಿ. ಉಪವಾಸ ಇಂದ್ರಿಯನಿಗ್ರಹದ ಸಾಧನ. ತನ್ನ ದೇಹವನ್ನೇ ದ್ವೇಷಿಸಿ ಅನ್ನ ಬಿಡುವುದು ತಪವಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವುದಾದರೆ ಆ ದಿನಗಳಲ್ಲಿ ಕಠಿಣ ಅಭ್ಯಾಸಕ್ಕೆ ಬಿಡುವಿರಲಿ.

ತಾಯಂದಿರೇ, ಬಂಧುಗಳ ಮುಂದೆ "ಎಷ್ಟು ದಪ್ಪಗಾಗಿದ್ದಾಳೆ", "ಕಪ್ಪಾಗಿದ್ದಾಳೆ, ವರ ಸಿಗುವುದು ಹೇಗೆ" ಎಂಬ ಮಾತು ತಮಾಷೆಗೂ ಬೇಡ. ಮೈದಾನದಲ್ಲಿ ತಕ್ಕಡಿಗೆ ಹೆದರುವ ಮಗುವಿಗೆ ಮನೆಯಲ್ಲಾದರೂ ನಿಶ್ಚಿಂತೆಯ ತುತ್ತು ಸಿಗಲಿ.