ಹೆಸರಿಗೊಪ್ಪುವ ಅಕ್ಷರ

ಮದುವೆ ಕಾರ್ಡಿನಲ್ಲಿ ವಧೂವರರ ಹೆಸರನ್ನು ಇಂಗ್ಲಿಷಿನಲ್ಲಿ ಜೋಡಿಸುವಾಗ ನನ್ನ ಕೈ ಮೊದಲು ಹೋಗುವುದು ಸ್ನೆಲ್ ರೌಂಡ್‌ಹ್ಯಾಂಡ್ ಫಾಂಟಿಗೆ. ಬಲಕ್ಕೆ ಬಾಗಿದ ಅಕ್ಷರಗಳು, ಒಂದರ ಬಾಲ ಮುಂದಿನದಕ್ಕೆ ಕೂಡಿಕೊಂಡಿರುತ್ತದೆ. ಇದರ ಮೂಲ, ಲಂಡನ್ನಿನಲ್ಲಿ ಬರವಣಿಗೆ ಕಲಿಸುತ್ತಿದ್ದ ಚಾರ್ಲ್ಸ್ ಸ್ನೆಲ್ ಅವರ (1667–1733) ಕೈಬರಹ. 1960ರ ದಶಕದಲ್ಲಿ ಅದಕ್ಕೆ ಫಾಂಟಿನ ರೂಪ ಕೊಟ್ಟವರು ಮ್ಯಾಥ್ಯೂ ಕಾರ್ಟರ್.

ಇಂಥ ಕೂಡುಬರಹ ಲೋಹದ ಅಚ್ಚುಮೊಳೆಗೆ ಸುಲಭವಾಗಿ ಒಗ್ಗುತ್ತಿರಲಿಲ್ಲ. ಮೊಳೆ ನೆಟ್ಟಗೆ, ಅಕ್ಷರ ಓರೆ. ತುದಿ ಮೊಳೆಯಿಂದಾಚೆ ಚಾಚಿದರೆ ಮುರಿಯುವ ಭಯ. ಒಳಗೇ ಇಟ್ಟರೆ ಎರಡು ಅಕ್ಷರ ಕೂಡುವಲ್ಲಿ ಸಂದು. ಫಿಲ್ಮಿನ ಮೂಲಕ ಬೆಳಕು ಹಾಯಿಸಿ ಅಕ್ಷರ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದಾಗ ಮೊಳೆಯ ಅಂಚಿನ ಹಂಗು ಹೋಯಿತು. ಆ ಸ್ವಾತಂತ್ರ್ಯವನ್ನು ಕಾರ್ಟರ್ ಎಷ್ಟು ಚೆನ್ನಾಗಿ ಬಳಸಿಕೊಂಡರೆಂದರೆ, ಕೂಡಿಕೆ ಎಲ್ಲಿದೆಯೆಂದು ಭೂತಗನ್ನಡಿ ಹಿಡಿದು ಹುಡುಕಬೇಕು. ನನಗೆ ಇದು ಕುಶಲತೆಯ ಶಿಖರ.

ಈ ಫಾಂಟಿನ ಕ್ಯಾಪಿಟಲ್ ಅಕ್ಷರ ಪದದ ಮೊದಲಲ್ಲಿ ಮಾತ್ರ ಚೆಂದ. ಇಡೀ ಹೆಸರನ್ನು ಕ್ಯಾಪಿಟಲ್‌ನಲ್ಲಿ ಹಾಕಿಸಿದರೆ ಸುರುಳಿಗಳು ಸಿಕ್ಕುಬಿದ್ದು ಓದಲಾಗದು. ಚಿಕ್ಕ ಅಳತೆಯಲ್ಲಿ ತೆಳುಗೆರೆಗಳು ಅಚ್ಚಿನಲ್ಲಿ ಅಳಿಸಿಹೋಗುತ್ತವೆ. ಆದ್ದರಿಂದ ಕಾರ್ಡು ಮಾಡಿಸುವವರಲ್ಲಿ ನನ್ನ ವಿನಂತಿ: ಹೆಸರಿಗೆ ಇದು ಸಾಕು, ಮುಹೂರ್ತ, ಛತ್ರದ ವಿಳಾಸ ಸಾದಾ ಅಕ್ಷರದಲ್ಲೇ ಇರಲಿ.