ನಿಮಗಿದು ಗೊತ್ತೆ? ಮತವೆಣಿಸದ ಸಭೆ

ಹಡಗಲಿ ಸೀಮೆಯ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ದೇವರ ಸೇವಕನಾದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಡೆಂಕನಮರಡಿಯ ಜನಸಾಗರವೆಲ್ಲ ಉಸಿರು ಬಿಗಿಹಿಡಿದು ಕಾರಣಿಕವೆಂಬ ಭವಿಷ್ಯವಾಣಿಯ ಒಂದೇ ನುಡಿಗಾಗಿ ಕಾಯುವುದನ್ನು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆಯವರೆಲ್ಲ ಬಲ್ಲರು. ಮೌನದೊಳಗಿಂದಲೇ ನುಡಿ ಮೂಡಬೇಕೆಂಬ ನಂಬುಗೆಯನ್ನು ಆರಾಧನೆಗೆ ಮಾತ್ರವಲ್ಲದೆ ಆಡಳಿತಕ್ಕೂ ಅಡಿಗಲ್ಲಾಗಿಸಿಕೊಂಡವರು, 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಬೋಧೆಯಿಂದ ರೂಪುಗೊಂಡ ಕ್ವೇಕರ್ ಸಮಾಜದವರು. ಅವರ ವ್ಯವಹಾರಸಭೆಯಲ್ಲಿ ಕೈಯೆತ್ತಿಸಿ ಮತವೆಣಿಸುವ ಪದ್ಧತಿಯಿಲ್ಲ. ಒಬ್ಬರ ಮಾತಿಗೂ ಮತ್ತೊಬ್ಬರ ಮಾತಿಗೂ ನಡುವೆ ಮೌನವಿರುತ್ತದೆ. ಕ್ಲಾರ್ಕ್ ಎನಿಸಿಕೊಳ್ಳುವ ಸಭಾನಿರ್ವಾಹಕರು ಸಭೆಯ ಅಂತರಂಗವನ್ನರಿತು, ನಿರ್ಣಯವನ್ನು ಅಲ್ಲಿಯೇ ಬರೆದು ಓದಿ, ಸರ್ವರ ಸಮ್ಮತಿಯನ್ನು ಕೇಳುತ್ತಾರೆ. ಐಕಮತ್ಯ ಮೂಡದಿದ್ದರೆ ವಿಷಯವು ಮುಂದಿನ ಸಭೆಗೆ ಉಳಿಯುತ್ತದೆ.

ಈ ನಿಧಾನಕ್ಕೆ ತೆತ್ತ ಬೆಲೆ ಅಲ್ಪವಲ್ಲ: ಅಮೆರಿಕದ ಜರ್ಮನ್‌ಟೌನಿನ ಕೆಲವು ಕ್ವೇಕರರು 1688ರಲ್ಲಿಯೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದರೂ, ಸದಸ್ಯರಾರೂ ಗುಲಾಮರನ್ನು ಇಟ್ಟುಕೊಳ್ಳಲಾಗದೆಂದು ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆಯು ವಿಧಿಸಿದ್ದು 1776ರಲ್ಲಿ. ಆ ನಡುವಣ ಕಾಲದಲ್ಲಿ ಜಾನ್ ವುಲ್‌ಮನ್ ಎಂಬ ಕ್ವೇಕರ್ ದರ್ಜಿಯು ಗುಲಾಮರ ಒಡೆಯರ ಮನೆಮನೆಗೆ ಹೋಗಿ ವಿನಯದಿಂದ ಅವರ ಮನವೊಲಿಸಲು ಯತ್ನಿಸಿದನು. ಅಲ್ಲಿ ಉಂಡು ತಂಗಿದಾಗ, ತನಗೆ ಸೇವೆಗೈದ ಗುಲಾಮರ ಕೈಗೆ ಕೂಲಿಯ ನಾಣ್ಯಗಳನ್ನಿತ್ತನು. ನಿರ್ಣಯಪುಸ್ತಕದ ಯಾವ ಪುಟಕ್ಕಿಂತಲೂ ಆತನ ಈ ನಡೆಯೇ ನಮಗೆ ಹೆಚ್ಚು ಪೂಜ್ಯವೆನಿಸುತ್ತದೆ. ಶಸ್ತ್ರವನ್ನು ಹಿಡಿಯಲೊಲ್ಲದೆ ಯುದ್ಧಪೀಡಿತರ ಶುಶ್ರೂಷೆಗೆ ನಿಂತ ಬ್ರಿಟಿಷ್ ಹಾಗೂ ಅಮೆರಿಕನ್ ಕ್ವೇಕರರ ಎರಡು ಸೇವಾಸಂಸ್ಥೆಗಳಿಗೆ 1947ರ ನೊಬೆಲ್ ಶಾಂತಿ ಪಾರಿತೋಷಿಕವು ಸಂದಿತು.