ಪರ್ವತದ ನಾಡಿ

ಜ್ವಾಲಾಮುಖಿಯು ಹೇಳದೆ ಕೇಳದೆ ಸಿಡಿಯುತ್ತದೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ವಾಸ್ತವವಾಗಿ ಅದು ಅನೇಕ ವೇಳೆ ಹೇಳಿಯೇ ಬರುತ್ತದೆ. ಶಿಲಾಪಾಕವು ನೆಲದಾಳದಿಂದ ಮೇಲೇರುವಾಗ ಬಂಡೆಗಳು ಬಿರಿಯುತ್ತವೆ; ಆ ಸಣ್ಣ ನಡುಕಗಳನ್ನು ಭೂಕಂಪಮಾಪಕವು ಗೀಚಿಡುತ್ತದೆ. ಪರ್ವತದ ಮೈ ಉಬ್ಬುತ್ತದೆ; ಕಣ್ಣಿಗೆ ಕಾಣದ ಆ ವಾಲಿಕೆಯನ್ನು ಓರೆಮಾಪಕವು ಗುರುತಿಸುತ್ತದೆ. ಗಂಧಕದ ಡೈಆಕ್ಸೈಡು ಹೊರಬೀಳುತ್ತದೆ. ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಎಷ್ಟು ಹೀರಿತೆಂಬುದನ್ನು ಅಳೆದು ಅದರ ಪ್ರಮಾಣವನ್ನು ದೂರದಿಂದಲೇ ತಿಳಿಯಬಹುದು. ವೈದ್ಯನಂತೆ ವಿಜ್ಞಾನಿಯು ಪರ್ವತದ ನಾಡಿ ಹಿಡಿದು ಕುಳಿತಿರುತ್ತಾನೆ. ಆದರೆ ನಾಡಿ ತಿಳಿದ ಮಾತ್ರಕ್ಕೆ ಬೆಟ್ಟದಡಿಯ ಜನ ಉಳಿಯುವರೆ? ನಾನು ಓದಿ ಬಲ್ಲ ಎರಡು ಪರ್ವತಗಳ ವೃತ್ತಾಂತವನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲನೆಯದು ಕೊಲಂಬಿಯಾ ದೇಶದ ನೆವಾಡೊ ಡೆಲ್ ರೂಯಿಸ್. ಹಿಮ ಹೊದ್ದ ಈ ಪರ್ವತವು ಒಂದು ವರ್ಷ ಮೊದಲೇ ಚಡಪಡಿಸತೊಡಗಿತ್ತು. ಕೆಲವು ಭೂಕಂಪಮಾಪಕಗಳನ್ನು ಹೂಡಿದ್ದರು. 1985ರ ಅಕ್ಟೋಬರಿನಲ್ಲಿ ಹೊರಬಂದ ಅಪಾಯದ ನಕ್ಷೆಯು ಅರ್ಮೇರೊ ಪಟ್ಟಣವು ಕೆಸರಿನ ಹಾದಿಯಲ್ಲಿದೆಯೆಂದು ತೋರಿಸಿತ್ತು. ನವೆಂಬರ್ 13ರಂದು ಊರಿನ ಮೇಲೆ ಬೂದಿ ಉದುರಿದಾಗ, ಶಾಂತರಾಗಿರಿ ಎಂಬ ಸಲಹೆ ಜನರಿಗೆ ದೊರೆಯಿತು. ರಾತ್ರಿ 9 ಗಂಟೆಯ ತರುವಾಯ ಪರ್ವತ ಸಿಡಿಯಿತು. ಸ್ಫೋಟವೇನೂ ಬಹು ದೊಡ್ಡದಲ್ಲ. ಆದರೆ ಅದರ ಬಿಸಿಗೆ ಕರಗಿದ ಹಿಮವು ಬೂದಿಮಣ್ಣನ್ನು ಬೆರೆಸಿಕೊಂಡು ಕಣಿವೆಗಳಲ್ಲಿ ಧುಮುಕಿತು. ಆ ಕೆಸರು ಅರ್ಮೇರೊವನ್ನು ಮುಟ್ಟಲು ಎರಡು ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ದಿಣ್ಣೆಯೇರಲು ಅಷ್ಟು ಸಾಕಿತ್ತು. ಹೊರಡಿರೆಂಬ ಮಾತು ಮಾತ್ರ ಸಕಾಲದಲ್ಲಿ ಮನೆಮನೆಗೆ ಮುಟ್ಟಲಿಲ್ಲ. ಸತ್ತವರು ಸುಮಾರು 23,000.

ಎರಡನೆಯದು ಫಿಲಿಪ್ಪೀನ್ಸಿನ ಪಿನಟೂಬೊ. ಸುಮಾರು 500 ವರ್ಷ ನಿದ್ರಿಸಿದ್ದ ಅದು 1991ರ ಏಪ್ರಿಲಿನಲ್ಲಿ ಹಬೆಯುಗುಳಿ ಎಚ್ಚತ್ತಿತು. ಆ ದೇಶದ ಮತ್ತು ಅಮೆರಿಕದ ವಿಜ್ಞಾನಿಗಳು ಉಪಕರಣಗಳೊಡನೆ ಕಾವಲು ಕುಳಿತರು. ದಿನಕ್ಕೆ ಸುಮಾರು 500 ಟನ್ನಿದ್ದ ಗಂಧಕದ ಅನಿಲವು ಎರಡು ವಾರಗಳಲ್ಲಿ 5,000 ಟನ್ನಿಗೇರಿ, ಆಮೇಲೆ ಥಟ್ಟನೆ ಇಳಿಯಿತು. ಪರ್ವತ ತಣ್ಣಗಾಯಿತೆಂದು ಅವರು ಬಗೆಯಲಿಲ್ಲ. ದಾರಿ ಮುಚ್ಚಿಕೊಂಡು ಒಳಗೆ ಒತ್ತಡ ಬೆಳೆಯುತ್ತಿರಬಹುದೆಂದು ಅಂಜಿದರು. ಆದರೆ ಅಂಕಿಗಳಿಂದ ಜನ ಮನೆ ಬಿಡುವುದಿಲ್ಲ. ಜ್ವಾಲಾಮುಖಿಗಳ ಭೀಕರತೆಯ ಚಲಚ್ಚಿತ್ರವೊಂದನ್ನು ಅಧಿಕಾರಿಗಳಿಗೂ ಹಳ್ಳಿಗರಿಗೂ ತೋರಿಸಿದರು. ಅದನ್ನು ರೂಪಿಸಿದ್ದ ಮೋರಿಸ್ ಕ್ರಾಫ್ಟ್, ಪತ್ನಿ ಕಾತ್ಯಾರೊಡನೆ ಅದೇ ಜೂನ್ 3ರಂದು ಜಪಾನಿನ ಉನ್ಜೆನ್ ಜ್ವಾಲಾಮುಖಿಯಲ್ಲಿ ಮಡಿದರು. ಅವರ ಚಿತ್ರ ಮಾತ್ರ ತನ್ನ ಕೆಲಸವನ್ನು ನಡೆಸಿತು, ಊರುಗಳು ತೆರವಾದವು.

ಜೂನ್ 15ರಂದು ಪಿನಟೂಬೊ ಸಿಡಿದಾಗ ಯುನ್ಯಾ ಎಂಬ ಚಂಡಮಾರುತವೂ ಅಲ್ಲಿಯೇ ಹಾಯುತ್ತಿತ್ತು. ಮಳೆಯಲ್ಲಿ ತೊಯ್ದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಜನ ಸತ್ತರು. ಆದರೂ ಕನಿಷ್ಠ 5,000 ಜೀವಗಳು ಉಳಿದುವೆಂದು ಅಂದಾಜು.

ಉಪಕರಣಗಳು ಈಗ ಇನ್ನಷ್ಟು ಸೂಕ್ಷ್ಮವಾಗಿವೆ. ಉಪಗ್ರಹಗಳು ನೆಲದ ಉಬ್ಬನ್ನೂ ಬಿರುಗಾಳಿಯ ಸುಳಿಯನ್ನೂ ಆಕಾಶದಿಂದಲೇ ಅಳೆಯುತ್ತವೆ. ಆದರೂ ಎಚ್ಚರಿಕೆಯು ಒಮ್ಮೊಮ್ಮೆ ಸುಳ್ಳಾಗುವುದುಂಟು. ಆಗ ಜನ ನಗುತ್ತಾರೆ. ಆ ನಗೆಗೆ ಅಂಜಿದ ಅಧಿಕಾರಿಯು ಮುಂದಿನ ಸಲ ಬಾಯಿ ತೆರೆಯಲು ಹಿಂಜರಿಯುತ್ತಾನೆ. ಸುಳ್ಳಾಗಬಹುದಾದ ಮಾತಿಗೂ ಓಗೊಟ್ಟು ಒಂದು ರಾತ್ರಿ ಮನೆ ಬಿಟ್ಟು ಹೊರಡುವುದನ್ನು, ಬೆಳಗ್ಗೆ ಗೊಣಗದೆ ಮರಳುವುದನ್ನು, ಶಾಲೆಯ ಪಾಠದಲ್ಲಿಯೇ ಕಲಿಸತಕ್ಕದ್ದೆಂದು ನನ್ನ ಭಾವನೆ.